ಸೌತೆಕಾಯಿಗೊಂದು ಆಯುಧ

ಕಾಡು ಎರಡು ಬಗೆ. ಒಂದು, ಮನೆಯಲ್ಲಿ ಕೂತು ಬ್ಯಾಗು ತುಂಬುವಾಗ ಕಣ್ಣಿಗೆ ಕಟ್ಟುವ ಕಾಡು. ಅಲ್ಲಿ ಹಾಡಹಗಲೇ ಕತ್ತಲು. ಬಳ್ಳಿಗಳು ಬೇಕೆಂದೇ ಕಾಲಿಗೆ ಸುತ್ತಿಕೊಳ್ಳುತ್ತವೆ, ಮರ ಕಡಿದು ಸಂಕ ಹಾಕದೆ ಹಳ್ಳ ದಾಟುವಂತಿಲ್ಲ, ಸರಿಯಾದ ಹೊತ್ತಿಗೆ ಕರಡಿಯೂ ಬಂದು ನಿಲ್ಲುತ್ತದೆ. ಇನ್ನೊಂದು, ನಾವು ನಿಜವಾಗಿ ಹೋಗುವ ಕಾಡು. ನನ್ನ ಮಟ್ಟಿಗೆ ಅದು ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟ. ಅಲ್ಲಿ ಮೆಟ್ಟಿಲುಗಳಿವೆ, ಕೋತಿಗಳಿವೆ, ಸೌತೆಕಾಯಿ ಸೀಳಿ ಉಪ್ಪುಖಾರ ಸವರಿ ಕೊಡುವ ಹೆಂಗಸರಿದ್ದಾರೆ. ಮೇಲೆ ಗವಿಯಲ್ಲಿ ಸಿದ್ಧೇಶ್ವರಸ್ವಾಮಿ, ಅಲ್ಲೇ ಬಂಡೆಯ ಸಂದಿಯಲ್ಲಿ ಒಸರುವ ತಣ್ಣನೆಯ ನೀರು. ಚಾಕು ಕೊಳ್ಳುವವರೆಲ್ಲ ಮೊದಲನೆಯ ಕಾಡಿಗೆಂದು ಕೊಂಡು ಎರಡನೆಯದಕ್ಕೆ ಒಯ್ಯುತ್ತಾರೆ. ಮಾರುವವರಿಗೂ ಈ ಗುಟ್ಟು ಗೊತ್ತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಈಚೆಗೆ ಇದೇ ಚಿಂತೆಯಲ್ಲಿ ಸೊರಗಿದ್ದ. ಗೆಳೆಯರ ಜೊತೆ ನಮ್ಮ ಕಡೆಯ ಬೆಟ್ಟಗಳನ್ನೆಲ್ಲ ಹತ್ತುತ್ತಾನಂತೆ: ಸಿದ್ದರಬೆಟ್ಟ, ಚನ್ನರಾಯನದುರ್ಗ, ಮಧುಗಿರಿಯ ಏಕಶಿಲೆ. ಫೋನಿನಲ್ಲಿ ಒಂದು ಚಾಕು ತೋರಿಸಿದ. ಪೂರಾ ಕಪ್ಪು, ಅಲಗಿನ ಅರ್ಧಕ್ಕೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲೊಂದು ಮೊಳೆ.

“ಇದ್ರಲ್ಲಿ ಗಾಜು ಒಡೀಬೋದು ಮಾಮ, ಸೀಟ್ ಬೆಲ್ಟ್ ಕತ್ತರಿಸ್ಬೋದು.”

“ಸಿದ್ದರಬೆಟ್ಟದಾಗೆ ಸೀಟ್ ಬೆಲ್ಟ್ ಎಲ್ಲೈತಪ್ಪಾ?”

“ಎಮರ್ಜೆನ್ಸಿಗೆ ಮಾಮ.”

“ನಮ್ ಕಡೆ ಎಮರ್ಜೆನ್ಸಿ ಅಂದ್ರೆ ಕೋತಿ ಬಂದು ಬ್ಯಾಗ್ ಕಿತ್ಕೊಳ್ಳೋದು. ಚಾಕು ತೋರ್ಸಿದ್ರೆ ಅದ್ನೂ ಕಿತ್ಕೊಂಡೋಯ್ತದೆ.”

ಅವನಿಗೆ ನಗು ಬರಲಿಲ್ಲ. ಹಾಗಾದರೆ ನಿಮ್ಮ ಕಾಲದಲ್ಲಿ ಏನು ಒಯ್ಯುತ್ತಿದ್ದಿರಿ ಎಂದು ಕೇಳಿದ. ನಮ್ಮ ಕಾಲ ಅಂದರೆ ದೊಡ್ಡಪ್ಪನ ಕಾಲ, ದೊಡ್ಡಪ್ಪನ ಕಾಲ ಅಂದರೆ ಮೀನು.

ಅದು ಹಿತ್ತಾಳೆಯ ಮೀನು. ಬಾಲದ ಕಡೆಯಿಂದ ಉಗುರು ಸಿಕ್ಕಿಸಿ ಎಳೆದರೆ ಹೊಟ್ಟೆಯೊಳಗಿಂದ ಅಲಗು ಬರುತ್ತಿತ್ತು. ದೊಡ್ಡಪ್ಪ ಎತ್ತು ಕೊಳ್ಳಲು ಕ್ಯಾಮೇನಹಳ್ಳಿ ದನಗಳ ಜಾತ್ರೆಗೆ ಹೋಗಿ, ಎತ್ತು ಕುದುರದೆ, ಬರಿಗೈಲಿ ಬರಬಾರದೆಂದು ಈ ಮೀನು ತಂದಿದ್ದರಂತೆ. ಜಾತ್ರೆಯ ಅಂಗಡಿಯಲ್ಲಿ ಇಂಥವು ಪೀಪಿ, ಉಡುದಾರ, ಕನ್ನಡಿ, ಬಾಚಣಿಗೆಗಳ ನಡುವೆ ಮಲಗಿರುತ್ತಿದ್ದವು. ನಮ್ಮ ಮನೆಗೆ ಬಂದ ಮೇಲೆ ಅದರ ವಾಸ ಎಲೆಅಡಿಕೆಯ ಸಂಚಿಯಲ್ಲಿ, ಅಡಕತ್ತರಿ ಮತ್ತು ಸುಣ್ಣದ ಡಬ್ಬಿಯ ಪಕ್ಕದಲ್ಲಿ. ಹೀಗಾಗಿ ಅದರಲ್ಲಿ ಕೊಯ್ದ ಸೀಬೆಹಣ್ಣಿಗೂ ಹೊಗೆಸೊಪ್ಪಿನ ಘಾಟು. ಮಾವಿನಕಾಯಿಯ ಹುಳಿಗೆ ಅಲಗು ಕಪ್ಪಾಗುತ್ತಿತ್ತು. ಪಂಚೆಯ ತುದಿಯಲ್ಲಿ ಒರೆಸಿದರೆ ಪಂಚೆಯೂ ಕಪ್ಪಾಗುತ್ತಿತ್ತು. ದೊಡ್ಡಮ್ಮ ಬೈದರೆ ದೊಡ್ಡಪ್ಪನ ಉತ್ತರ ಒಂದೇ: “ಕಪ್ಪಾದ್ರೇನೆ ಕಬ್ಣ ಕಣೆ. ಬೆಳ್ಳಗಿರೋದು ಸ್ಟೀಲ್ ಲೋಟ.”

ಸಿದ್ದರಬೆಟ್ಟಕ್ಕೆ ನಮ್ಮನ್ನು ಕರೆದೊಯ್ದಾಗ ದೊಡ್ಡಪ್ಪ ಆ ಮೀನಿನಲ್ಲಿ ಬೇವಿನ ಕಡ್ಡಿ ಕೊಯ್ದು ಕೊಡುತ್ತಿದ್ದರು. ಕಾಲಿಗೆ ಚುಚ್ಚಿದ ಜಾಲಿಮುಳ್ಳನ್ನು ಅದರ ತುದಿಯಲ್ಲಿ ಎಬ್ಬಿಸುತ್ತಿದ್ದರು, ಬುತ್ತಿಯ ದಾರ ಕತ್ತರಿಸುತ್ತಿದ್ದರು. ಕೆಳಗೆ ಮಾಗಳಿ ಬೇರು ಮಾರುವವರು ಸಿಕ್ಕರೆ ಬಂಡೆಯ ಮೇಲೆ ಚಕ್ಕಲಮಕ್ಕಲ ಹಾಕಿ ಕೂತು, ಕೊಂಡ ಬೇರಿನ ಸಿಪ್ಪೆ ಕೆರೆದು, ಸೀಳಿ, ನಡುವಿನ ನಾರಿನ ಕಡ್ಡಿ ತೆಗೆದು ಒಂದೊಂದು ಚೂರು ಬಾಯಿಗಿಡುತ್ತಿದ್ದರು. ಆ ವಾಸನೆ ಎರಡು ದಿನ ಬೆರಳು ಬಿಡುತ್ತಿರಲಿಲ್ಲ. ಈಗ ಮಾಗಳಿ ಅಪರೂಪ. ಬೇರಿಗಾಗಿ ಬಳ್ಳಿಯನ್ನೇ ಅಗೆದು ಅಗೆದು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದೇವೆ. ಉಪ್ಪಿನಕಾಯಿಯ ಚಪಲ ಮಾತ್ರ ಅಳಿದಿಲ್ಲ.

ಮಡಚುವ ಚಾಕುಗಳಲ್ಲಿ ಮೂರು ಜಾತಿ. ಒಂದಕ್ಕೆ ಸ್ಪ್ರಿಂಗೂ ಇಲ್ಲ, ಕೀಲಿಯೂ ಇಲ್ಲ. ಮೊಳೆಯ ಬಿಗಿಯಿಂದಲೇ ಅಲಗು ನಿಲ್ಲಬೇಕು. ನಮ್ಮ ಊರುಗಳಲ್ಲಿ ಈ ಜಾತಿಯ ಹಿರಿಯ ಎಂದರೆ ಕ್ಷೌರದ ಕತ್ತಿ. ಜಪಾನಿನ ಮಿಕಿ ಎಂಬ ಊರಿನವರು 1890ರ ದಶಕದಿಂದ ಇದೇ ಬಗೆಯಲ್ಲಿ ಹಿಗೊನೊಕಾಮಿ ಅನ್ನುವ ಚಾಕು ಮಾಡುತ್ತಿದ್ದಾರೆ. ಒಂದು ಕಾಲಕ್ಕೆ ಅಲ್ಲಿನ ಶಾಲೆಯ ಹುಡುಗರು ಅದರಲ್ಲೇ ಪೆನ್ಸಿಲ್ ಹೆರೆಯುತ್ತಿದ್ದರು. ನಮಗೆ ಆ ಕೆಲಸಕ್ಕೆ ಅಪ್ಪನ ಗಡ್ಡ ಕೆರೆದು ಸುಸ್ತಾದ ಅರ್ಧ ಬ್ಲೇಡು ಇರುತ್ತಿತ್ತು. ಎರಡನೆಯ ಜಾತಿಗೆ ಬೆನ್ನಿನಲ್ಲಿ ಸ್ಪ್ರಿಂಗು: ದೊಡ್ಡಪ್ಪನ ಮೀನು, ಸ್ವಿಸ್ ಸೈನ್ಯದ ಕೆಂಪು ಚಾಕು ಎಲ್ಲ ಇದೇ ಮನೆತನ. ಮೂರನೆಯದಕ್ಕೆ ಕೀಲಿ, ತೆರೆದ ಮೇಲೆ ತಾನಾಗಿ ಮಡಚದು. ಇದರಲ್ಲಿ ಹೆಸರು ಮಾಡಿದ್ದು, ಹೆಸರು ಕೆಡಿಸಿಕೊಂಡದ್ದು ಉತ್ತರಪ್ರದೇಶದ ರಾಂಪುರಿ. ಸಿನಿಮಾ ಖಳನ ಕೈಯಲ್ಲಿ ಅದು ಬಿಚ್ಚಿಕೊಳ್ಳುವ ಸದ್ದಿಗೇ ಟೆಂಟಿನಲ್ಲಿ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಿದ್ದವು. 1995ರಲ್ಲಿ ‘ಓಂ’ ಬಂದು ಕನ್ನಡದ ತೆರೆಗೆ ಲಾಂಗು ಕಾಲಿಟ್ಟ ಮೇಲೆ ರಾಂಪುರಿಯನ್ನು ಕೇಳುವವರೇ ಇಲ್ಲ.

ಉಳಿದವು ಹೇಗೂ ಇರಲಿ, ಫ್ರಾನ್ಸಿನ ಓಪಿನೆಲ್ ಚಾಕುವಿನ ಕಥೆ ಕೇಳಿದಾಗ ಮಾತ್ರ ನನಗೆ ಅದು ನಮ್ಮ ಕಡೆಯದೇ ಅನ್ನಿಸಿತು. ಆಲ್ಪ್ಸ್ ತಪ್ಪಲಿನ ಸಾವೊಯ್ ಸೀಮೆ, ಮಚ್ಚು ಕೊಡಲಿ ಬಡಿಯುವ ಅಪ್ಪ, ಅವನ ಕುಲುಮೆಯಲ್ಲಿ ಬೆಳೆದ ಮಗ ಜೋಸೆಫ್. 1890ರಲ್ಲಿ ಈ ಹುಡುಗ ರೈತರ ಜೇಬಿಗೆಂದು ಮರದ ಹಿಡಿಯ ಚಾಕು ಮಾಡಿದ. 1897ರ ಹೊತ್ತಿಗೆ ಅದರಲ್ಲಿ 1ರಿಂದ 12ರವರೆಗೆ ನಂಬರುಗಳಿದ್ದವು. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್, ಒಂದು ಸೀಬೆಹಣ್ಣಿಗೆ ಸಾಕು, ಜಗಳಕ್ಕೆ ಸಾಲದು. ಬೆರಳು ಕುಯ್ಯಬಾರದೆಂದು 1955ರಲ್ಲಿ ಕತ್ತಿಗೆ ತಿರುಗುವ ಉಂಗುರ ತೊಡಿಸಿದರು. ಮಳೆಯಲ್ಲಿ ನೆಂದರೆ ಮರ ಉಬ್ಬಿ ಅಲಗು ಸಿಕ್ಕಿಕೊಳ್ಳುತ್ತದೆ. ಆಗ ಆ ಸೀಮೆಯವರು ಹಿಡಿಯ ಬುಡವನ್ನು ಯಾವುದಾದರೂ ಗಟ್ಟಿ ಜಾಗಕ್ಕೆ ಕುಟ್ಟಿ ಅಲಗನ್ನು ಹೊರಡಿಸುತ್ತಾರೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ಭುಜ ಕೊಟ್ಟು ತೆಗೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಫ್ರಾನ್ಸು, ಜಪಾನು ಅನ್ನುವಾಗ ಒಂದು ಮಾತು ಹೇಳಲೇಬೇಕು. ಚಾಕುವಿಗೆ ಬೇಕಾದ ಉಕ್ಕು ಈ ಬೆಟ್ಟಗಳಲ್ಲೇ ಹುಟ್ಟುತ್ತಿತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗದ ಕಡೆ ಕಬ್ಬಿಣ ಕರಗಿಸುವುದನ್ನು ಬರೆದಿಟ್ಟಿದ್ದಾನೆ. ಮಳೆ ಬಂದಾಗ ಬಂಡೆಗಳಿಂದ ಹಳ್ಳಕ್ಕೆ ಇಳಿಯುವ ಕರಿಮರಳೇ ಅದಿರು. ಕರಗಿಸಿದ ಕಬ್ಬಿಣವನ್ನು ತುಂಡು ಮಾಡಿ, ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಇದ್ದಿಲ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ಕೊರಟಗೆರೆಯಿಂದ ಮಧುಗಿರಿಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆಯ ಪಕ್ಕ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ ತಂಗಡಿ. ಈಗ ಅದಕ್ಕೆ ಆ ಕೆಲಸವಿಲ್ಲ, ಸುಮ್ಮನೆ ಹೂ ಬಿಡುತ್ತದೆ.

ಇದನ್ನೆಲ್ಲ ಓದಿ ಉಬ್ಬಿ, ನಮ್ಮೂರಿನ ಕುಲುಮೆಯಲ್ಲೇ ಒಂದು ಮಡಚುವ ಚಾಕು ಮಾಡಿಸೋಣವೆಂದು ಹೋದೆ. ತಿದಿ ಒತ್ತುತ್ತಿದ್ದ ಜಾಗದಲ್ಲಿ ವೆಲ್ಡಿಂಗ್ ಮೆಷಿನ್ನು. ಅಡಿಗಲ್ಲು ಬಾಗಿಲು ಗಾಳಿಗೆ ಬಡಿಯದಂತೆ ತಡೆದು ಕೂತಿತ್ತು. ಯಜಮಾನ ಮೂಲೆಯಲ್ಲಿದ್ದ ಲಾರಿಯ ಹಳೇ ಕಮಾನು ಪಟ್ಟಿ ತೋರಿಸಿದ.

“ಮಚ್ಚು ಬೇಕಾ ಸಾ, ಒಳ್ಳೆ ಹದ ಹಾಕ್ಕೊಡ್ತೀನಿ. ಕುಡ್ಲು ಬೇಕಾ, ಅದೂ ಸೈ. ಈ ಮಡಚೋದೆಲ್ಲ ನಮ್ಮಪ್ಪನ ಕಾಲಕ್ಕೇ ಮುಗೀತು. ಮಾಡುದ್ರೂ ಕೂಲಿ ಗಿಟ್ಟಲ್ಲ.”

“ಕೂಲಿ ಎಷ್ಟಾದ್ರೂ ಕೊಡ್ತೀನಪ್ಪ.”

“ಅಷ್ಟ್ ಕೊಡೋದಾದ್ರೆ ಗೇಟ್ ಮಾಡುಸ್ಕಳಿ ಸಾ. ಮನೆಗಾದ್ರೂ ಆಯ್ತದೆ.”

ಅವನ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಸಾಣೆ ಹಿಡಿಯಲು ಬರುತ್ತಿದ್ದವನೂ ಈಗ ಕಾಣುವುದಿಲ್ಲ. ತೋಟದ ಬಾವಿಕಟ್ಟೆಯ ಕಲ್ಲಿನಲ್ಲಿ ಮೂರು ತಲೆಮಾರು ಕುಡ್ಲು ಮಸೆದು ಮಸೆದು ಬಿದ್ದ ಆಳದ ಗೆರೆಗಳಿವೆ. ಬಾವಿಯಲ್ಲಿ ನೀರಿಲ್ಲ.

ಮತ್ತೆ ಅಕ್ಕನ ಮಗನ ಕರಡಿಯ ವಿಷಯಕ್ಕೆ ಬರೋಣ. ಕರಡಿ ಬರೀ ಅವನ ತಲೆಯಲ್ಲಿದೆ ಎಂದು ನಾನು ಹೇಳುತ್ತಿಲ್ಲ. ತುಮಕೂರು ಜಿಲ್ಲೆಯ ಕಲ್ಲುಗುಡ್ಡಗಳು ಕರಡಿಯ ತವರು, ಮಧುಗಿರಿಯ ಪಕ್ಕದ ತಿಮ್ಲಾಪುರದ ಕಾಡು ಅದಕ್ಕೇ ಹೆಸರಾದದ್ದು. ಆದರೆ ಮಡಚುವ ಚಾಕುವನ್ನು ಜೇಬಿನಿಂದ ತೆಗೆದು, ಉಗುರು ಸಿಕ್ಕಿಸಿ ಬಿಡಿಸಿ, ಉಂಗುರ ತಿರುಗಿಸುವ ತನಕ ಎದುರಿಗೆ ನಿಂತು ಕಾಯುವಷ್ಟು ತಾಳ್ಮೆ ಇರುವ ಕರಡಿಗೆ ಚಾಕು ತೋರಿಸುವುದೇ ಮರ್ಯಾದೆಯಲ್ಲ. ಮುಸ್ಸಂಜೆ, ಮುಂಜಾವಿನಲ್ಲಿ ಪೊದೆಯ ಕಡೆ ಸುಳಿಯದೆ, ನಾಲ್ಕು ಜನ ಗಟ್ಟಿಯಾಗಿ ಮಾತಾಡಿಕೊಂಡು ಹೋದರೆ ಅದೇ ದೂರ ಸರಿಯುತ್ತದೆ. ಕುರಿ ಕಾಯುವವರು ಮಾಡುವುದೂ ಇದನ್ನೇ.

ಕರಡಿಗಿಂತ ಕಾನೂನಿಗೆ ಹೆದರುವುದು ಮೇಲು. ಶಸ್ತ್ರಾಸ್ತ್ರ ನಿಯಮದ ಪ್ರಕಾರ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಲೆಕ್ಕ. ಮನೆಗೆಲಸದ್ದು, ಬೇಸಾಯದ್ದು ಆದರೆ ವಿನಾಯಿತಿ. ಜೇಬಿನ ಚಾಕು ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಘೋಷಣೆಯಾದ ಚಿಂಕಾರ ಅಭಯಾರಣ್ಯವಿದೆ. 1972ರ ವನ್ಯಜೀವಿ ಕಾಯ್ದೆ ಆಯುಧವೆಂದು ಎಣಿಸುವ ಪಟ್ಟಿಯಲ್ಲಿ ಬಂದೂಕು, ಬಿಲ್ಲುಬಾಣ, ವಿಷದ ಜೊತೆ ಗಾಳ, ಬಲೆ, ಚಾಕುಗಳೂ ಸೇರಿವೆ. ಅಭಯಾರಣ್ಯದೊಳಕ್ಕೆ ಆಯುಧ ಒಯ್ಯಲು ಲಿಖಿತ ಅನುಮತಿ ಬೇಕು. ದೊಡ್ಡಪ್ಪನ ಮೀನು ಅಲ್ಲಿಗೆ ಹೋದರೆ ಬಂದೂಕಿನ ಸಾಲಿನಲ್ಲಿ ನಿಲ್ಲಬೇಕು. ಜಾತ್ರೆಯ ಪೀಪಿಗಳ ನಡುವೆ ಮಲಗಿದ್ದ ಪ್ರಾಣಿಗೆ ಎಂಥ ಬಡ್ತಿ!

ಹುಡುಗ ಕೊನೆಗೆ ಕಪ್ಪು ಚಾಕುವಿನ ಆಸೆ ಬಿಟ್ಟ. ಬಿಡಿಸಿದ್ದು ನನ್ನ ಉಪದೇಶವಲ್ಲ, ಅದರ ಬೆಲೆ. ಈಗ ಮೀನು ಕೊಡಿ ಅನ್ನುತ್ತಾನೆ. ಕೊಡಲು ಅದಿಲ್ಲ, ದೊಡ್ಡಪ್ಪ ಹೋದ ಮೇಲೆ ಸಂಚಿಯೂ ಮೀನೂ ಯಾರ ಪಾಲಿಗೆ ಹೋದವೋ, ಪಾಲುಪಟ್ಟಿಯಲ್ಲಿ ಬರೆದಿರಲಿಲ್ಲ. ದನಗಳ ಜಾತ್ರೆಗೆ ಹೋಗಿ ನೋಡೋಣ ಅಂದಿದ್ದೇನೆ. ಎತ್ತುಗಳೇ ಕಡಿಮೆಯಾಗಿವೆ, ಮೀನುಗಳ ಗತಿ ಏನೋ.

ನೀವೂ ಚಾಕು ಹುಡುಕುತ್ತಿದ್ದರೆ ನನ್ನ ತೀರ್ಪು ಇಷ್ಟು. ಮೂರು ಇಂಚಿನ ಅಲಗು ಸಾಕು, ಹಲ್ಲು ಬೇಡ. ತುಕ್ಕು ಹಿಡಿಯುವ ಉಕ್ಕೇ ಇರಲಿ, ಅದು ಮಸೆಯಲು ಸಲೀಸು. ಮನೆಗೆ ಬಂದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಿ. ಮರದ ತೊಗಟೆಯಲ್ಲಿ ಹೆಸರು ಕೆತ್ತುವ ಗೆಳೆಯರಿದ್ದರೆ ಅವರ ಕೈಗೆ ಕೊಡಬೇಡಿ. ಚಾಕು ಕೊಂಡ ದಿನವೇ ಒಂದು ಸಾಣೆಕಲ್ಲನ್ನೂ ಕೊಳ್ಳಿ. ಚಾಕುವಿಗಿಂತ ಅದು ಅಗ್ಗ, ಹೆಚ್ಚು ವರ್ಷ ಬಾಳುತ್ತದೆ, ಅದನ್ನು ಯಾವ ಕಾಡಿಗೆ ಒಯ್ದರೂ ಯಾರೂ ತಡೆಯುವುದಿಲ್ಲ.