ಸೇತುವೆಗೂ ಒಂದು ಸೂರು

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟ್ ಹೋಗಿತ್ತು. ಮೊಬೈಲ್ ನೋಡುತ್ತ ಕೂತಿದ್ದಾಗ ಒಂದು ವಿಡಿಯೊ ಬಂತು. ಕೆನಡಾ ದೇಶದ ಹಾರ್ಟ್‌ಲ್ಯಾಂಡ್ ಅನ್ನೋ ಊರಿನ ಸೇತುವೆ. ನೋಡಿದರೆ ಸೇತುವೆ ಅನ್ನಿಸುವುದೇ ಇಲ್ಲ. ನಮ್ಮ ಚನ್ನಗಿರಿ ಕಡೆಯ ಅಡಿಕೆ ಗೋದಾಮನ್ನು ನದಿಯ ಮೇಲೆ ಉದ್ದಕ್ಕೆ ಮಲಗಿಸಿದ ಹಾಗಿದೆ. ಎರಡೂ ಕಡೆ ಹಲಗೆಯ ಗೋಡೆ, ಮೇಲೆ ಚಾವಣಿ, ಒಳಗೆ ಕಾರುಗಳ ಓಡಾಟ. ಉದ್ದ 390 ಮೀಟರ್. ಚಾವಣಿ ಇರುವ ಸೇತುವೆಗಳಲ್ಲಿ ಪ್ರಪಂಚಕ್ಕೇ ಉದ್ದದ್ದು. ಅದನ್ನು ನೋಡೋಕೆಂದೇ ಜನ ದೂರದೂರದಿಂದ ಬರುತ್ತಾರಂತೆ.

ಪಕ್ಕದಲ್ಲಿದ್ದ ಅವ್ವ ಇಣುಕಿ ನೋಡಿ, "ಸೇತುವೆ ಮೇಲೆ ಮನೆ ಯಾಕೋ ಕಟ್ಟಿದಾರೆ? ಓಡಾಡೋರು ನೆನೀಬಾರ್ದು ಅಂತನಾ?" ಅಂದಳು.

ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ತಿಳಿಯಿತು, ಆ ಸೂರು ಮನುಷ್ಯರಿಗಲ್ಲ, ಮರಕ್ಕೆ. ಸೇತುವೆಯ ಭಾರ ಹೊರುವುದು ಪಕ್ಕದ ದೊಡ್ಡ ದೊಡ್ಡ ತೊಲೆಗಳು. ಅವು ಮಳೆ, ಬಿಸಿಲಿಗೆ ಬಿದ್ದರೆ ಕೆಲವೇ ವರ್ಷದಲ್ಲಿ ಕೊಳೆಯುತ್ತವೆ. ಸೂರು ಹಾಕಿದರೆ ನೂರು ವರ್ಷವೂ ನಿಲ್ಲುತ್ತವೆ. ಹಾರ್ಟ್‌ಲ್ಯಾಂಡ್ ಸೇತುವೆ 1901ರಲ್ಲಿ ಶುರುವಾದಾಗ ಚಾವಣಿ ಇರಲಿಲ್ಲ. ಸುಮಾರು ಇಪ್ಪತ್ತು ವರ್ಷದ ನಂತರ ಹಾಕಿದರು.

"ಹಂಗಾದ್ರೆ ನಮ್ಮ ಗಾಡಿ ಇದ್ದಂಗೆ ಬಿಡು" ಅಂದಳು ಅವ್ವ. ನಮ್ಮ ಅಜ್ಜ ಎತ್ತಿನಗಾಡಿಯನ್ನು ಒಂದು ದಿನವೂ ಮಳೆಗೆ ಬಿಟ್ಟವನಲ್ಲ. ತಾನು ನೆನೆದುಕೊಂಡು ಬಂದರೂ ಮೊದಲು ಗಾಡಿಯನ್ನು ಕೊಟ್ಟಿಗೆ ಸೂರಿನಡಿ ತಳ್ಳಿ, ಆಮೇಲೆ ತಲೆ ಒರೆಸಿಕೊಳ್ಳುತ್ತಿದ್ದ.

ಅವತ್ತಿನಿಂದ ನನಗೆ ಹಳೇ ಸೇತುವೆ ನೋಡುವ ಹುಚ್ಚು ಹತ್ತಿತು. ನಾನು ಸುದ್ದಿಗಾರ. ಸೇತುವೆ ಬಗ್ಗೆ ಎಷ್ಟೋ ಸುದ್ದಿ ಬರೆದಿದ್ದೇನೆ. ಎಲ್ಲವೂ ಒಂದೇ ಥರ: 'ಸೇತುವೆ ಮುಳುಗಡೆ, ಸಂಚಾರ ಸ್ಥಗಿತ', 'ಸೇತುವೆ ಕುಸಿತ, ಗ್ರಾಮಸ್ಥರ ಪರದಾಟ'. ಗಟ್ಟಿಯಾಗಿ ನಿಂತಿರುವ ಸೇತುವೆ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ನಮ್ಮ ಕಡೆ ಸೂರಿರುವ ಸೇತುವೆ ಸಿಗಲಿಲ್ಲ. ನಮ್ಮ ಹಳಬರು ಸೇತುವೆಗೆ ಕಲ್ಲು, ಇಟ್ಟಿಗೆ, ಗಾರೆ ನಂಬಿದವರು. ಮೊದಲು ಹೋಗಿದ್ದು ಹರಿಹರಕ್ಕೆ. ಅದಕ್ಕೊಂದು ಕಾರಣ ಇದೆ. ನಮ್ಮ ಸೂಳೆಕೆರೆಯಿಂದ ಹೊರಡುವ ಹರಿದ್ರಾ ಹಳ್ಳ ಹೋಗಿ ತುಂಗಭದ್ರೆಯನ್ನು ಸೇರುವುದು ಅಲ್ಲೇ. ನಮ್ಮ ನೀರಿನ ಹಿಂದೆಯೇ ಹೋಗಿ ಬರೋಣ ಅಂತ ಬೈಕ್ ಹತ್ತಿದೆ. ಅಲ್ಲಿನ ಹಳೇ ಸೇತುವೆ ಮುಗಿದಿದ್ದು 1868ರಲ್ಲಿ. ಕಲ್ಲು ಮತ್ತು ಇಟ್ಟಿಗೆಯ 14 ಕಮಾನು, ಒಂದೊಂದರ ಅಗಲ 60 ಅಡಿ. ಆಗ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬೈ ಪ್ರಾಂತ್ಯ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಹೊಳೆ ದಾಟಲೆಂದು ಕಟ್ಟಿದ್ದು.

ಆಮೇಲೆ ಒಂದು ಮದುವೆಗೆ ಮೈಸೂರಿಗೆ ಹೋದಾಗ ಶ್ರೀರಂಗಪಟ್ಟಣದಲ್ಲಿ ಇಳಿದೆ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಅಲ್ಲಿದೆ. ಅದಕ್ಕೆ ಕಮಾನಿಲ್ಲ. ಕಲ್ಲುಕಂಬ ನಿಲ್ಲಿಸಿ, ಮೇಲೆ ಕಲ್ಲಿನ ತೊಲೆ, ಚಪ್ಪಡಿ ಹಾಸಿದ್ದಾರೆ. ನಮ್ಮ ಗುಡಿ ಕಟ್ಟುವ ಪದ್ಧತಿಯೇ. ಎಷ್ಟು ಪ್ರವಾಹ ಕಂಡಿದೆಯೋ.

ಇಂಥ ಸೇತುವೆ ಕೆಳಗೆ ನಿಂತರೆ ಒಂಥರಾ ಖುಷಿ. ಕಂಬದ ಬುಡದಲ್ಲಿ ನೀರಿನ ಸದ್ದು, ಸಂದಿಯಲ್ಲಿ ಪಾರಿವಾಳ, ಕಲ್ಲಿನ ತಂಪು. ಮೇಲೆ ದಾಟಿ ಹೋಗುವಾಗ ಇದ್ಯಾವುದೂ ಕಾಣುವುದಿಲ್ಲ. ಫೋಟೊ ತೆಗೆಯುವುದೂ ಅಭ್ಯಾಸವಾಯಿತು.

ಹಾಗೆ ತೆಗೆದ ಒಂದು ಫೋಟೊ ಈಗಲೂ ನನ್ನ ಮೊಬೈಲ್‌ನಲ್ಲಿದೆ. ನಮ್ಮೂರಿನಿಂದ ಸ್ವಲ್ಪ ದೂರದ ಒಂದು ಹಳ್ಳದ ಮೇಲಿನ ಹಳೇ ಕಲ್ಲುಸೇತುವೆ. ಒಂದೇ ಕಮಾನು. ಕಮಾನಿನ ಪಕ್ಕದ ಸಂದಿಯಿಂದ ಒಂದು ಅರಳಿ ಗಿಡ ಹೊರಟಿತ್ತು. ಚಿಗುರು ಕೆಂಪಗೆ ಹೊಳೆಯುತ್ತಿತ್ತು. ಎಷ್ಟು ಚೆಂದ ಅಂತ ಸ್ಟೇಟಸ್‌ಗೆ ಹಾಕಿದೆ. ತುಂಬಾ ಜನ ಮೆಚ್ಚಿದರು. ನನಗಾಗಲಿ ಅವರಿಗಾಗಲಿ ಬೇರೇನೂ ಹೊಳೆಯಲಿಲ್ಲ.

ಮುಂದಿನ ಮಳೆಗಾಲದಲ್ಲಿ ಹಳ್ಳ ಜೋರಾಗಿ ಬಂತು. ಕಮಾನಿನ ಅರ್ಧ ಭಾಗ ಹೋಯಿತು. ನಾನೇ ಹೋಗಿ ಸುದ್ದಿ ಮಾಡಿದೆ. 'ಗ್ರಾಮಸ್ಥರ ಪರದಾಟ' ಅಂತಲೇ ಬರೆದೆ.

ಅಲ್ಲಿ ಡೇರಿಗೆ ಹಾಲು ಹಾಕುವ ಒಬ್ಬ ಅಜ್ಜ ಕ್ಯಾನ್ ಹಿಡಿದು ನಿಂತಿದ್ದರು. ಇನ್ನು ಮೇಲೆ ಸುತ್ತು ಹಾಕಿಕೊಂಡು ಹೋಗಬೇಕು, ಹಾಲು ಹೊತ್ತಿಗೆ ಮುಟ್ಟದಿದ್ದರೆ ಕಷ್ಟ ಎಂದರು. ಬಿದ್ದ ಕಲ್ಲುಗಳನ್ನು ತೋರಿಸಿದರು. ಕಲ್ಲಿಗೆ ಸುತ್ತಿಕೊಂಡ ಬೇರು ಹೆಬ್ಬೆರಳು ಗಾತ್ರ ಇತ್ತು.

"ಗಿಡ ಸಣ್ಣದಿದ್ದಾಗ ಕಿತ್ತಾಕಿದ್ರೆ ಆಗಿತ್ತು ಕಣಪ್ಪ. ಅರಳಿ ಗಿಡ, ದೇವ್ರು, ಕೀಳಬಾರ್ದು ಅಂತ ಎಲ್ಲಾರೂ ಸುಮ್ಕಿದ್ವಿ. ನೀವು ಪೇಪರ್‌ನೋರು, ಓದಿದೋರು. ನೀವೂ ನೋಡಿರ್ಲಿಲ್ವಾ?"

ನೋಡಿದ್ದೆ. ಫೋಟೊನೂ ತೆಗೆದಿದ್ದೆ. ಬಾಯಿ ಬಿಟ್ಟು ಹೇಳಲಾಗಲಿಲ್ಲ.

ಕಮಾನಿನಲ್ಲಿ ಕಲ್ಲು ಕಲ್ಲನ್ನು ಒತ್ತಿ ಹಿಡಿದಿರುತ್ತದೆ. ಅದೇ ಅದರ ಬಲ. ಸಂದಿಗೆ ಬೇರು ಹೋದರೆ ಆ ಹಿಡಿತ ಸಡಿಲವಾಗುತ್ತದೆ, ಸಡಿಲಾದ ಕಡೆ ನೀರು ಇಳಿಯುತ್ತದೆ, ಗಾರೆ ಕರಗುತ್ತದೆ. ಕೊನೆಗೆ ಒಂದು ದೊಡ್ಡ ಮಳೆ ಸಾಕು. ನಾವು ಮಳೆಯನ್ನು ಬೈಯುತ್ತೇವೆ.

ಸ್ವಿಟ್ಜರ್‌ಲ್ಯಾಂಡಿನ ಲೂಸರ್ನ್ ಊರಲ್ಲಿ 14ನೇ ಶತಮಾನದ ಒಂದು ಮರದ ಸೇತುವೆ ಇದೆ, ಅದಕ್ಕೂ ಸೂರಿದೆ. 1993ರಲ್ಲಿ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಮರುವರ್ಷವೇ ಮತ್ತೆ ಕಟ್ಟಿ ತೆರೆದರು. ಅಲ್ಲಿಗೆ ಹೋಗುವವರು ನೋಡುವುದು ಬರೀ ಹಳೇ ಮರವನ್ನಲ್ಲ, ಇಷ್ಟು ಕಾಲ ಅದನ್ನು ಕಾಪಾಡಿಕೊಂಡು ಬಂದಿದ್ದನ್ನೂ. ನಮ್ಮ ಕಲ್ಲುಸೇತುವೆಗೆ ಸೂರು ಬೇಕಿಲ್ಲ. ಆದರೆ ಸೂರಿನ ಕೆಲಸವನ್ನು ಯಾರಾದರೂ ಮಾಡಬೇಕು.

ಈಗ ಹಳೇ ಸೇತುವೆ ನೋಡೋಕೆ ಹೋದರೆ ಫೋಟೊಗಿಂತ ಮೊದಲು ಸಂದಿ ನೋಡುತ್ತೇನೆ. ನೀವೂ ಮಳೆಗಾಲಕ್ಕೆ ಮುಂಚೆ ನಿಮ್ಮೂರಿನ ಸೇತುವೆ ಕೆಳಗೊಮ್ಮೆ ಇಳಿದು ನೋಡಿ. ಬೆರಳುದ್ದದ ಗಿಡವಿದ್ದರೆ ಬೇರು ಸಮೇತ ಕೀಳಿ. ಮೇಲೆ ನೀರು ಹೋಗುವ ತೂತು ಮಣ್ಣಿನಿಂದ ಮುಚ್ಚಿದ್ದರೆ ಬಿಡಿಸಿ. ಗಿಡ ಬಲಿತಿದ್ದರೆ ಎಳೆಯಬೇಡಿ, ಕಲ್ಲೂ ಜೊತೆಗೆ ಬರುತ್ತದೆ. ಫೋಟೊ ತೆಗೆದು ಪಂಚಾಯಿತಿಗೆ ಅರ್ಜಿ ಕೊಡಿ, ನಮಗೂ ಕಳಿಸಿ. ಬೀಳುವ ಮುಂಚೆಯೇ ಸುದ್ದಿ ಮಾಡೋಣ.

ಅರಳಿ ಕೀಳುವುದು ಪಾಪ ಅನ್ನಿಸಿದರೆ ಅದಕ್ಕೂ ದಾರಿ ಇದೆ. ಹೋದ ತಿಂಗಳು ಇನ್ನೊಂದು ಸೇತುವೆಯ ಸಂದಿಯಿಂದ ಬಿಡಿಸಿದ ಸಸಿಯನ್ನು ಅವ್ವ ತೆಂಗಿನ ಚಿಪ್ಪಿನಲ್ಲಿ ಮಣ್ಣು ಹಾಕಿ ಇಟ್ಟಿದ್ದಾಳೆ. ಮಳೆ ಹಿಡಿದ ಮೇಲೆ ಕೆರೆ ದಂಡೆ ಮೇಲಿನ ಖಾಲಿ ಜಾಗದಲ್ಲಿ ನೆಡಬೇಕು ಅಂತ ದಿನಾ ನೆನಪಿಸುತ್ತಾಳೆ. ಮೊನ್ನೆ ಎರಡು ಎಲೆ ಬಿಟ್ಟಿದೆ.