ಮುಂಬಯಿಯ ಒಂದು ಹಲಗೆ

ಪರಸ್ಥಳವನ್ನು ನೋಡಲು ಹೋದವರು ಅಲ್ಲಿಯ ಕೋಟೆಯನ್ನೋ ಕಡಲನ್ನೋ ನೋಡಿ ಬರುವುದು ರೂಢಿ. ಮಳೆಗಾಲದಲ್ಲಿ ಮುಂಬಯಿಗೆ ಹೋಗಿದ್ದ ನಾವಾದರೋ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದುದು ಒಂದು ಹಲಗೆಯನ್ನು. ನಮ್ಮ ದೊಡ್ಡಪ್ಪನವರು ವಾಸವಾಗಿರುವ ಐದು ಅಂತಸ್ತಿನ ಕಟ್ಟಡದಲ್ಲಿ, ಮೆಟ್ಟಿಲುಗಳು ಮೊದಲಾಗುವ ಸ್ಥಳದಲ್ಲಿ, ಗಾಜಿನ ಬಾಗಿಲುಳ್ಳ ಆ ಪ್ರಕಟಣೆಯ ಹಲಗೆಯು ತೂಗಿರುವುದು. ಮಳೆಯು ಎಡೆಬಿಡದೆ ಸುರಿಯುತ್ತಿದ್ದುದರಿಂದ ಹೊರಗೆ ಹೊರಡಲಾರದೆ ನಾವು ಅದನ್ನೇ ಓದುತ್ತ ನಿಂತೆವು.

ನೀರಿನ ಪ್ರಕಟಣೆಗೆ ಅಲ್ಲಿ ಅಗ್ರಸ್ಥಾನ. ತಾನಸಾ, ವೈತರಣಾ, ಭಾತಸಾ ಮೊದಲಾದ ದೂರದ ಜಲಾಶಯಗಳಿಂದ ಬರುವ ನೀರನ್ನು ನಗರಪಾಲಿಕೆಯವರು ಬಹುತೇಕ ಕಡೆಗಳಲ್ಲಿ ಗೊತ್ತಾದ ಹೊತ್ತಿನಲ್ಲಿ ಮಾತ್ರ ಬಿಡುವರು. ಅದು ಮೊದಲು ನೆಲದೊಳಗಣ ತೊಟ್ಟಿಯಲ್ಲಿ ತುಂಬಿ, ಪಂಪಿನಿಂದ ಮಾಳಿಗೆಯ ಮೇಲಣ ತೊಟ್ಟಿಗೆ ಏರಿ, ಅಲ್ಲಿಂದ ಮನೆಮನೆಗೆ ಇಳಿಯಬೇಕು. ತೊಟ್ಟಿಯನ್ನು ತೊಳೆಯುವ ದಿನ ಯಾವುದೆಂದು ಅರಿಯದೆ ದೋಸೆಗೆ ಅಕ್ಕಿ ನೆನೆಹಾಕಿದ ಗೃಹಿಣಿಯ ಪಾಡನ್ನು ನಮ್ಮ ವಾಚಕಿಯರಿಗೆ ವಿವರಿಸಬೇಕಾಗಿಲ್ಲ. ಅದರ ಕೆಳಗೆ ಲಿಫ್ಟಿನ ದುರಸ್ತಿ, ಗಣೇಶೋತ್ಸವದ ವರ್ಗಣಿ, ಮೆಟ್ಟಿಲಿನಲ್ಲಿ ಸಿಕ್ಕಿದ ಒಂದು ಕನ್ನಡಕ.

ವಾರ್ಷಿಕ ಸಭೆಯ ಕರೆಯೂ ಇದ್ದಿತು. ಅಲ್ಲಿಯ ಗೃಹಸಹಕಾರ ಸಂಘಗಳ ಮಾದರಿ ಉಪನಿಯಮಗಳಂತೆ ಈ ಕರೆಯನ್ನು ೧೪ ದಿನಗಳ ಮುಂಚೆ ಕೊಡಬೇಕು. ಸದಸ್ಯರಲ್ಲಿ ಮೂರರಲ್ಲೆರಡು ಪಾಲು ಅಥವಾ ೨೦ ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ಅರ್ಧ ಗಂಟೆ ಕಾದರೂ ಜನ ಸಾಲದಿದ್ದರೆ ಸಭೆಯನ್ನು ಮುಂದೂಡಿ, ಬಂದಷ್ಟು ಜನರಿಂದಲೇ ನಡೆಯಿಸಬಹುದು. ಆದುದರಿಂದ ಅನುಭವಸ್ಥರು ಅರ್ಧ ಗಂಟೆ ತಡವಾಗಿಯೇ ಬರುವರಂತೆ!

ಮರುದಿನ ಮಳೆ ತುಸು ಬಿಡುವು ಕೊಟ್ಟಾಗ ದೊಡ್ಡಪ್ಪನವರು ನಮ್ಮನ್ನು ಗಾಮದೇವಿಗೆ ಕರೆದೊಯ್ದರು. ಇಂತಹ ಕೂಡುವಾಸಕ್ಕೂ ಕನ್ನಡನಾಡಿಗೂ ಹಳೆಯ ನಂಟಿರುವುದು. ಕನ್ನಡ ಜಿಲ್ಲೆಗಳಿಂದ ಉದ್ಯೋಗಾರ್ಥವಾಗಿ ಬಂದ ಚಿತ್ರಾಪುರ ಸಾರಸ್ವತರು ಬಾಡಿಗೆಮನೆಗಳ ತೊಂದರೆಯನ್ನು ನೀಗಿಕೊಳ್ಳಲು ೧೯೧೫ರಲ್ಲಿ ಅಲ್ಲಿ ಸಾರಸ್ವತ ಗೃಹಸಹಕಾರ ಸಂಘವನ್ನು ಕಟ್ಟಿದರು. ಶ್ರೀಪಾದ ಸುಬ್ಬರಾವ್ ತಲಮಕಿಯವರು ಅದಕ್ಕೆ ಮುಂದಾಳುಗಳು. ೧೯೦೬ರಲ್ಲಿ ಶಾಮರಾವ್ ವಿಠ್ಠಲರ ಹೆಸರಿನ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದವರೂ ಇವರೇ. ಕಟ್ಟಡವು ಸಂಘದ ಸ್ವತ್ತು, ವಾಸಿಸುವವರೇ ಅದರ ಪಾಲುಗಾರರು. ಅಲ್ಲಿಂದ ತಾಡದೇವದ ತಲಮಕಿವಾಡಿಗೂ ಹೋದೆವು. ೧೯೧೧ರಲ್ಲಿ ಹುಟ್ಟಿದ ಕೆನರಾ ಸಾರಸ್ವತ ಅಸೋಸಿಯೇಷನ್ನಿನ ಕಾರ್ಯಾಲಯವಿರುವುದು ಅಲ್ಲಿಯೇ. ಅವರ ಮಾಸಪತ್ರಿಕೆಯಲ್ಲಿ ಜನನ, ವಿವಾಹ, ಮರಣಗಳ ವಾರ್ತೆಗಳನ್ನು ಅಚ್ಚುಹಾಕುವರು. "ನಾನು ಯಾವ ಪತ್ರಿಕೆಯನ್ನಾದರೂ ಮೊದಲು ಬಿಡಿಸುವುದು ಆ ಪುಟವನ್ನೇ," ಎಂದು ದೊಡ್ಡಪ್ಪನವರು ನಕ್ಕರು.

ಸಂಜೆ ಹಿಂದಿರುಗಿದಾಗ ಮೂರನೆಯ ಅಂತಸ್ತಿನ ಒಂದು ಬಾಗಿಲ ಮುಂದೆ ಚಪ್ಪಲಿಗಳು ರಾಶಿಯಾಗಿದ್ದುವು. ದೊಡ್ಡಪ್ಪನವರೊಡನೆ ನಾಲ್ವತ್ತು ವರ್ಷ ಪ್ರತಿದಿನ ಬೆಳಿಗ್ಗೆ ತಿರುಗಾಡಲು ಹೋಗುತ್ತಿದ್ದ ಮಹಾರಾಷ್ಟ್ರದ ಹಿರಿಯರೊಬ್ಬರು ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡು, ಬೆಳಿಗ್ಗೆ ಹತ್ತು ಗಂಟೆಗೇ ಅಂತ್ಯಯಾತ್ರೆಯು ಹೊರಟುಹೋಗಿತ್ತು. ನಾವು ಹಲಗೆಯ ಮುಂದಿನಿಂದಲೇ ಒಂಬತ್ತು ಗಂಟೆಗೆ ಹೊರಗೆ ನಡೆದಿದ್ದೆವು. ಅದರಲ್ಲಿ ಒಂದಕ್ಷರವೂ ಇರಲಿಲ್ಲ.

"ಎಲ್ಲರ ಮೊಬೈಲಿಗೂ ರಾತ್ರಿಯೇ ಕಳುಹಿಸಿದ್ದೆವಲ್ಲ, ಕಾಕಾ," ಎಂದನು ಕಾರ್ಯದರ್ಶಿಯಾದ ತರುಣ. ಅವನ ದನಿಯಲ್ಲಿ ದರ್ಪವಿರಲಿಲ್ಲ, ನಿಜವಾಗಿಯೂ ನೊಂದಿದ್ದನು. ದೊಡ್ಡಪ್ಪನವರ ಬಳಿ ಇರುವುದು ಮಾತಾಡಲಷ್ಟೇ ಬರುವ ಹಳೆಯ ಮೊಬೈಲು. ಅವಸರದ ವಾರ್ತೆಗೆ ವಾಟ್ಸಾಪ್ ಒಳ್ಳೆಯದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ಚೀಟಿಯನ್ನು ಅಂಟಿಸಲು ಎಷ್ಟು ಹೊತ್ತು ಬೇಕು?

ಆ ರಾತ್ರಿ ದೊಡ್ಡಪ್ಪನವರು ಊಟಕ್ಕೆ ಏಳಲಿಲ್ಲ. ಬೆಳಗಾದ ಮೇಲೆ ಒಂದು ಹಾಳೆಯನ್ನು ನಮ್ಮ ಮುಂದಿಟ್ಟು, "ನಿಮ್ಮ ಅಕ್ಷರ ದುಂಡಗಿದೆ, ಬರೆಯಿರಿ," ಎಂದು ಮರಾಠಿಯಲ್ಲಿ ಹೇಳತೊಡಗಿದರು: ಹದಿಮೂರನೆಯ ದಿನದ ಕಾರ್ಯ, ಸ್ಥಳ, ವೇಳೆ. ಅಕ್ಷರಗಳು ದಪ್ಪವಾಗಿರಲೆಂದು ಎರಡು ಸಾರಿ ತಿದ್ದಿಸಿದರು. ಕಾವಲುಗಾರನು ಬೀಗ ತೆಗೆದು ಗಾಜಿನ ಬಾಗಿಲನ್ನು ಹಿಡಿದುಕೊಂಡನು. ದೊಡ್ಡಪ್ಪನವರು ನೀರಿನ ಪ್ರಕಟಣೆಯನ್ನು ತುಸು ಕೆಳಕ್ಕೆ ಸರಿಸಿ, ನಾಲ್ಕು ಮೂಲೆಗಳಿಗೂ ತಾವೇ ಪಿನ್ನು ಚುಚ್ಚಿದರು.