ಎರಡು ನಿದ್ದೆಗಳ ನಡುವೆ

ಚಿಲಮತ್ತೂರಿನ ಗೆಳತಿಯ ಮನೆಗೆ ಹೋಗಬೇಕೆಂದರೆ ಪಂಚಾಂಗ ನೋಡಿ ಪ್ರಯೋಜನವಿಲ್ಲ, ಆಫೀಸಿನ ರಜೆ ನೋಡಿಯೂ ಪ್ರಯೋಜನವಿಲ್ಲ. ಎರಡು ನಿದ್ದೆಗಳನ್ನು ಹೊಂದಿಸಬೇಕು. ಒಂದು ಅವಳ ಮನೆಯ ರೇಷ್ಮೆಹುಳುಗಳದು, ಇನ್ನೊಂದು ಎರಡು ತುಂಬಿ ಮೂರಕ್ಕೆ ಬಿದ್ದಿರುವ ನನ್ನ ಮಗಳದು.

ಹುಳು ಸಾಕುವವರು ನೆಂಟರನ್ನು ಕರೆಯುವ ಲೆಕ್ಕವೇ ಬೇರೆ. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವ ಹೊತ್ತಿಗೆ ಇಪ್ಪತ್ತೈದು ದಿನ ಆಗುತ್ತದೆ, ಅಷ್ಟರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಇದಕ್ಕೆ ಅವರು ಜ್ವರ ಎನ್ನುತ್ತಾರೆ. ಜ್ವರಕ್ಕೆ ಹೋದ ಹುಳು ತಲೆಯೆತ್ತಿಕೊಂಡು ಕದಲದೆ ಕೂತುಬಿಡುತ್ತದೆ, ಸೊಪ್ಪಿನ ಕಡೆ ನೋಡುವುದಿಲ್ಲ. ಹೆಚ್ಚುಕಮ್ಮಿ ಒಂದು ಹಗಲು, ಒಂದು ರಾತ್ರಿ. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿದರೆ ಮನೆಯವರಿಗೆ ಸ್ವಲ್ಪ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಬಿಡುವು. ನಾಲ್ಕನೇ ಜ್ವರ ಎದ್ದಿತೋ, ಮುಗಿಯಿತು. ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಹುಳು ಆ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಆ ವಾರ ಸ್ವಂತ ತಮ್ಮನ ಮದುವೆ ಇದ್ದರೂ ಧಾರೆ ಮುಗಿದ ಕೂಡಲೇ ಓಡಿಬರಬೇಕು. ಅದಕ್ಕೇ ನನಗೆ ಫೋನು ಬರುವುದು ಹೀಗೆ: "ಶನಿವಾರ ರಾತ್ರಿಗೆ ನಾಲ್ಕನೇ ಜ್ವರಕ್ಕೆ ಹೋಗ್ತವೆ ಕಣೇ. ಭಾನುವಾರ ಬಂದ್ಬಿಡು. ಸೋಮವಾರ ಬಂದ್ರೆ ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸ್ತೀನಿ."

ಇನ್ನು ನನ್ನ ಕಡೆಯ ನಿದ್ದೆ. ಕಾರು ಓಡಿಸುವುದು ನನಗೆ ಮೊದಲಿನಿಂದಲೂ ಹುಚ್ಚು. ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ಈ ಹೆದ್ದಾರಿಗೆ ಈಗ 44ರ ಸಂಖ್ಯೆ, ಶ್ರೀನಗರವನ್ನು ಕನ್ಯಾಕುಮಾರಿಗೆ ಸೇರಿಸುವ ರಸ್ತೆ. ನಮ್ಮಪ್ಪನಂಥವರಿಗೆ ಮಾತ್ರ ಅದು ಇವತ್ತಿಗೂ ಎನ್ಎಚ್ ಸೆವೆನ್. ಮಗು ಹುಟ್ಟುವ ಮುಂಚೆ ಚಿಲಮತ್ತೂರಿನವರೆಗಿನ ಈ ನೂರು ಕಿಲೋಮೀಟರಿನಷ್ಟು ದಾರಿ ನನಗೆ ಬರೀ ವೇಗದ ವಿಷಯವಾಗಿತ್ತು. ಈಗ ಅದರಲ್ಲಿರುವ ರುಚಿಯೇ ಬೇರೆ. ಹಿಂದಿನ ಸೀಟಿನಲ್ಲಿ ಮಲಗಿರುವ ಜೀವಕ್ಕೆ ಕಾರು ಹೋಗುತ್ತಿದೆ ಎಂಬುದೇ ಗೊತ್ತಾಗದ ಹಾಗೆ ಓಡಿಸಬೇಕು. ಇದರ ಮುಂದೆ ವೇಗ ಒಂದು ವಿದ್ಯೆಯೇ ಅಲ್ಲ.

ಹಿಂದಿನ ರಾತ್ರಿಯೇ ಮಗುವಿನ ಸೀಟನ್ನು ಬಿಗಿದು, ಅದರ ಪಟ್ಟಿಗಳನ್ನು ಎರಡೂ ಕಡೆ ಬಿಡಿಸಿ ಇಟ್ಟಿರಬೇಕು. ಕತ್ತಲಲ್ಲಿ ತಡಕಾಡಿ ಬಕಲ್ಲು 'ಟಕ್' ಎಂದರೆ ಸಾಕು, ಅಲ್ಲಿಗೆ ಅವತ್ತಿನ ಯೋಜನೆ ಪೂರ್ತಿ ಕೆಟ್ಟಿತು. ಬೆಳಗಿನ ಜಾವ ಮಗಳನ್ನು ಹೊದಿಕೆಯ ಸಮೇತ ಎತ್ತಿ ತಂದು, ಹೊದಿಕೆ ತೆಗೆದು ಪಟ್ಟಿ ಬಿಗಿದು, ಅದರ ಮೇಲೆ ಮತ್ತೆ ಹೊದಿಸುವುದು. ಪಟ್ಟಿಯ ಒಳಗೆ ದಪ್ಪ ಹೊದಿಕೆ ಇರಬಾರದು, ಇದ್ದರೆ ಬಿಗಿ ಸಾಲುವುದಿಲ್ಲ. ನನ್ನವರು ಪಕ್ಕದಲ್ಲಿ ಕೂರುತ್ತಾರೆ, ಕೈಯಲ್ಲಿ ನೀರಿನ ಬಾಟಲು, ಬಾಯಿಗೆ ಬೀಗ. ಹೆಬ್ಬಾಳದ ಮೇಲ್ಸೇತುವೆ ದಾಟಿದ ಮೇಲೆ ಒಂದೇ ಹದ: ಎಂಜಿನ್ನಿನ ಶ್ರುತಿ ಬದಲಾಗಬಾರದು. ಮುಂದಿನ ಲಾರಿ ನಿಧಾನಿಸುವ ಮೊದಲೇ ಅದು ನಿಧಾನಿಸುತ್ತದೆಂದು ಕಾಲಿಗೆ ತಿಳಿಯಬೇಕು. ಹಾರ್ನು ಬಾರಿಸಿಕೊಂಡು ಹಿಂದೆ ಬಂದವನಿಗೆ ದಾರಿ ಬಿಟ್ಟುಕೊಟ್ಟು ಮನಸ್ಸಿನಲ್ಲೇ ಬೈದುಕೊಳ್ಳಬೇಕು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಮಾಡಿದಾಗ ಪತ್ರಿಕೆಗಳು ಉಳಿಯುವ ಇಂಧನದ ಬಗ್ಗೆ, ಸಮಯದ ಬಗ್ಗೆ ಬರೆದವು. ಗಾಜು ಇಳಿಸದೆ, ಚಿಲ್ಲರೆಗೆ ಜಗಳವಾಡದೆ ಟೋಲ್ ದಾಟಬಹುದೆಂಬುದು ಮಲಗಿದ ಮಕ್ಕಳ ತಾಯಂದಿರಿಗೆ ಎಷ್ಟು ದೊಡ್ಡ ಉಪಕಾರವೆಂದು ಯಾರೂ ಬರೆಯಲಿಲ್ಲ.

ದೇವನಹಳ್ಳಿ ಕಳೆದು ಎಡಕ್ಕೆ ನಂದಿಬೆಟ್ಟ ಕಾಣಿಸಿಕೊಳ್ಳುವ ಹೊತ್ತಿಗೆ ಬಲಗಡೆ ಬೆಳಕು ಹರಿಯುತ್ತದೆ. ಈ ಅರ್ಧ ಗಂಟೆ ನನ್ನದು. ಗಂಡ ಹೆಂಡತಿ ಮಾತಿಲ್ಲದೆ, ಹಾಡಿಲ್ಲದೆ, ಫೋನಿಲ್ಲದೆ ಹೀಗೆ ಕೂತಿರುವುದು ಮನೆಯಲ್ಲಿ ಸಾಧ್ಯವೇ ಇಲ್ಲ. ಚಿಕ್ಕಬಳ್ಳಾಪುರ ದಾಟಿ ಪೇರೇಸಂದ್ರದ ಕಡೆ ಹೋದಂತೆ ದ್ರಾಕ್ಷಿ ಚಪ್ಪರಗಳು ಹಿಂದಾಗಿ ಬಂಡೆಗುಡ್ಡಗಳು ಶುರುವಾಗುತ್ತವೆ. ಬಾಗೇಪಲ್ಲಿಯ ಟೋಲ್ ಬಳಿ ಮಗಳು ಕಣ್ಣು ಬಿಡುತ್ತಾಳೆ. ಅಲ್ಲಿಂದಾಚೆಗೆ ಕಾರಿನ ಯಜಮಾನಿ ಅವಳೇ.

ಮೊದಲ ಆಜ್ಞೆ ತಿಂಡಿ. ಡಬ್ಬಿಯಲ್ಲಿ ಇಡ್ಲಿ, ಜೊತೆಗೆ ಬೆಂಗಳೂರು ಬ್ಲೂ ದ್ರಾಕ್ಷಿ. ಈ ದ್ರಾಕ್ಷಿಯ ಬೀಜ ತೆಗೆದು ಒಂದೊಂದನ್ನೂ ಉದ್ದಕ್ಕೆ ನಾಲ್ಕಾಗಿ ಸೀಳುವುದು ನನ್ನವರ ಕೆಲಸ. ಇಡೀ ದ್ರಾಕ್ಷಿ ಎಳೆಮಕ್ಕಳ ಗಂಟಲಿಗೆ ಸರಿಯಾಗಿ ಬಿರಡೆ ಹಾಕಿದಂತೆ ಕೂರುತ್ತದೆ, ಅಡ್ಡಕ್ಕೆ ಕೊಯ್ದರೂ ಅಪಾಯ ತಪ್ಪುವುದಿಲ್ಲ. ತಿನ್ನಿಸುವುದು ಕಾರು ನಿಲ್ಲಿಸಿಯೇ. ಎರಡನೇ ಆಜ್ಞೆ ಲಾರಿ ತೋರಿಸುವುದು. ಪೆನುಕೊಂಡದ ಹತ್ತಿರ 2019ರಲ್ಲಿ ಕಿಯಾ ಕಾರುಗಳ ಕಾರ್ಖಾನೆ ಉತ್ಪಾದನೆ ಶುರುಮಾಡಿದ ಮೇಲೆ ಈ ರಸ್ತೆಯಲ್ಲಿ ಎರಡಂತಸ್ತಿನ ಉದ್ದನೆಯ ಲಾರಿಗಳು ಹೊಸ ಕಾರುಗಳನ್ನು ಹೊತ್ತು ಎದುರಿಗೆ ಬರುತ್ತವೆ. "ಕಾಯ್ ಮೇಲೆ ಕಾಯು!" ಎಂದು ಕೂಗಿದವಳಿಗೆ ಆ ಕಾರುಗಳಿಗೆ ಅವರಮ್ಮ ಎಲ್ಲಿ ಎಂಬ ಚಿಂತೆ. ಕೊಡಿಕೊಂಡದವರೆಗೂ ಉತ್ತರ ಹೊಂದಿಸುತ್ತಾ ಹೋದೆವು.

ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಚಿಲಮತ್ತೂರಿನ ದಾರಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಮಾರಾಟ ತೆರಿಗೆಯ ತಪಾಸಣೆ ನಿಂತರೂ ಊರಿನ ಬಾಯಲ್ಲಿ ಚೆಕ್‌ಪೋಸ್ಟು ಗಟ್ಟಿಯಾಗಿ ಉಳಿದಿದೆ. 2022ರ ಏಪ್ರಿಲ್ಲಿನಿಂದ ಈ ಸೀಮೆ ಶ್ರೀ ಸತ್ಯಸಾಯಿ ಜಿಲ್ಲೆ. ಗೆಳತಿಯ ಅತ್ತೆಗೆ ಮಾತ್ರ ಇನ್ನೂ ಅನಂತಪುರ ಜಿಲ್ಲೆಯೇ. ಹುಣಸೆಮರ, ಕಡ್ಲೆಕಾಯಿ ಹೊಲ, ಕೊಳವೆಬಾವಿ ಇರುವ ಕಡೆ ಹಿಪ್ಪುನೇರಳೆ ತೋಟದ ಹಸಿರು. ಮಳೆ ಕಡಿಮೆಯ ಈ ನೆಲದಲ್ಲಿ ತಿಂಗಳು ತಿಂಗಳು ಕೈಗೆ ಕಾಸು ಕಾಣಿಸುವುದು ಆ ಸೊಪ್ಪಿನಿಂದ, ಹಸುವಿನಿಂದ.

ಮನೆಯೊಳಗೆ ಕಾಲಿಡುವ ಮೊದಲೇ ಗೆಳತಿ ನನ್ನ ಮಗಳನ್ನು ಮೂಸಿ ನೋಡಿದಳು. "ಸೊಳ್ಳೆ ಔಷಧಿ ಹಚ್ಚಿದೀಯೇನೇ? ತೊಳಿ ಮೊದಲು." ಸೊಳ್ಳೆಗೆ ಆಗದ್ದು ಹುಳುವಿಗೂ ಆಗದು, ಬತ್ತಿ, ಸ್ಪ್ರೇ, ಮುಲಾಮು ಯಾವುದೂ ಹುಳುಮನೆಯ ಹತ್ತಿರ ಸುಳಿಯುವಂತಿಲ್ಲ. ಬಚ್ಚಲಲ್ಲಿ ಕೈಕಾಲು ತಿಕ್ಕಿ, ಬಟ್ಟೆ ಬದಲಿಸಿ, ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪುಡಿಯ ನೀರಿನಿಂದ ಮಗುವನ್ನು ದೂರವಿಟ್ಟು ಎತ್ತಿಕೊಂಡೇ ಒಳಗೆ ಹೋದೆವು. ಊಜಿ ನೊಣ ಬರದಂತೆ ಕಿಟಕಿಗಳಿಗೆಲ್ಲ ಪರದೆ. ಅಂತಸ್ತು ಅಂತಸ್ತಾಗಿ ಹಾಸಿಗೆಗಳು, ಅವುಗಳ ಮೇಲೆ ಸುಣ್ಣದ ಧೂಳು ಬಿದ್ದು ಬಿಳಿಚಿಕೊಂಡ ಸಾವಿರಾರು ಹುಳು. ಒಂದೂ ಕದಲುತ್ತಿಲ್ಲ.

"ಲಾಲಾ ಮಾಡ್ತಾವೆ," ಎಂದು ಮಗಳು ತಾನೇ ತೀರ್ಮಾನಕ್ಕೆ ಬಂದು ಬಾಯಿಯ ಮೇಲೆ ಬೆರಳಿಟ್ಟಳು. ನಮ್ಮ ಮನೆಯಲ್ಲಿ ಅವಳು ಮಲಗಿದಾಗ ನಾವಿಡುವ ಬೆರಳು ಅದು.

ಅತ್ತೆ ಅಂಗಳದಲ್ಲಿ ಕಡ್ಲೆಕಾಯಿ ಬೇಯಿಸಿ ಕಾಯುತ್ತಿದ್ದರು. "ರಾ ಪಾಪಾ, ಬಾ ಇಲ್ಲಿ," ಎಂದು ಎರಡೂ ಭಾಷೆಯಲ್ಲಿ ಕರೆದರೆ ಮಗಳು ಎರಡಕ್ಕೂ ಹೋದಳು. ಇಷ್ಟು ಚಿಕ್ಕವರಿಗೆ ಕಾಳು ಇಡಿಯಾಗಿ ಕೊಡಬಾರದು ಎಂದು ನಾನು ಹೇಳಬೇಕಲ್ಲ. ಅನಂತಪುರದ ಸೀಮೆಯಲ್ಲಿ ಅಜ್ಜಿಯೊಬ್ಬರ ಮುಂದೆ ಕಡ್ಲೆಕಾಯಿ ಬೇಡ ಎನ್ನಲು ಎದೆಗಾರಿಕೆ ಬೇಕು. ಅವರು ನನ್ನನ್ನೊಮ್ಮೆ ನೋಡಿದರು, ಎದ್ದು ಹೋಗಿ ಬೆಂದ ಕಾಳನ್ನು ಒರಳಿನಲ್ಲಿ ನುಣ್ಣಗೆ ಅರೆದು, ಬೆಲ್ಲ ಸೇರಿಸಿ ತಂದು ಬೆರಳಿನಿಂದ ನೆಕ್ಕಿಸಿದರು. ಆಮೇಲೆ ಮಗಳು ಊಟದ ಹೊತ್ತಿಗೆ ಮುದ್ದೆ ಮುಟ್ಟಲಿಲ್ಲ, ಅದು ಬೇರೆ ವಿಚಾರ.

ಮಧ್ಯಾಹ್ನ ಅವಳು ಮಲಗಿದಳು. ಹುಳುಗಳು ಹುಳುಮನೆಯಲ್ಲಿ, ಮಗು ನಡುಮನೆಯಲ್ಲಿ. ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಹಾಸ್ಟೆಲ್ಲಿನಲ್ಲಿ ರಾತ್ರಿಯಿಡೀ ಮಾತಾಡಿಯೂ ಮುಗಿಯದಿದ್ದವರು ನಾವು. ಈಗ ಅವಳ ಕಿವಿ ಒಂದು ಬಾಗಿಲ ಕಡೆ, ನನ್ನ ಕಿವಿ ಇನ್ನೊಂದು ಬಾಗಿಲ ಕಡೆ. ಪೀಠಿಕೆಗೆ ಪುರುಸೊತ್ತಿಲ್ಲ. ಹೇಗಿದ್ದೀಯ, ಚೆನ್ನಾಗಿದ್ದೀನಿ ಎಂಬುದನ್ನೆಲ್ಲ ಬಿಟ್ಟು ಅವಳು ನೇರವಾಗಿ ಸಾಲದ ವಿಷಯಕ್ಕೆ ಬಂದಳು, ನಾನು ನೇರವಾಗಿ ಅಮ್ಮನ ಕಾಯಿಲೆಗೆ. ಹಿಂದೂಪುರದ ಮಾರುಕಟ್ಟೆಯಲ್ಲಿ ಗೂಡಿನ ದರ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಗೂಡು ಬಿಡಿಸಿದ ಮೇಲೆ ದರ ಏರಲಿ ಎಂದು ಕಾಯುತ್ತಾ ಕೂರುವಂತಿಲ್ಲ, ಒಳಗಿನದು ಪತಂಗವಾಗಿ ಗೂಡು ತೂತು ಮಾಡಿಕೊಂಡು ಬಂದರೆ ನೂಲು ತೆಗೆಯಲು ಬರುವುದಿಲ್ಲ. ಇದನ್ನು ಹೇಳುತ್ತಾ ಅವಳು ನಕ್ಕಳು. ಯಾಕೆ ನಕ್ಕಳೆಂದು ನಾನು ಕೇಳಲಿಲ್ಲ, ಹಾಸ್ಟೆಲ್ಲಿನಲ್ಲಾಗಿದ್ದರೆ ಕೇಳುತ್ತಿದ್ದೆ. ಒಂದೂವರೆ ಗಂಟೆಗೆ ಒಳಗಿಂದ "ಅಮ್ಮಾ" ಎಂಬ ದನಿ ಬಂತು. ಈ ಒಂದೂವರೆ ಗಂಟೆಯಲ್ಲಿ ಆಡಿದ್ದನ್ನು ಆಗಿನ ಕಾಲದಲ್ಲಿ ಆಡಲು ನಮಗೆ ಒಂದು ಸೆಮಿಸ್ಟರ್ ಬೇಕಾಗುತ್ತಿತ್ತು.

ಸಂಜೆ ಎಲ್ಲರೂ ಲೇಪಾಕ್ಷಿಗೆ ಹೋದೆವು. ಅಚ್ಯುತದೇವರಾಯನ ಕಾಲದಲ್ಲಿ ವಿರುಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರನ ಗುಡಿ. ಗೋಡೆಯ ಮೇಲಿನ ಕನ್ನಡ ಶಾಸನಗಳನ್ನು ಅಕ್ಷರ ಕೂಡಿಸಿ ಓದುವುದು ನನಗೆ ಇಷ್ಟ. ಮಗಳಿದ್ದರೆ ಒಂದು ಸಾಲಿಗಿಂತ ಮುಂದೆ ಹೋಗುವುದಿಲ್ಲ. ಹದಿನೈದು ಅಡಿ ಎತ್ತರದ ಏಕಶಿಲೆಯ ನಂದಿಯನ್ನು ತೋರಿಸಿದರೆ ಅವಳು ಅದರ ಪೀಠದ ಬುಡದಲ್ಲಿ ಸಾಗುತ್ತಿದ್ದ ಇರುವೆ ಸಾಲು ನೋಡಿದಳು. ತೂಗುವ ಕಂಬದ ಕೆಳಗೆ ದೊಡ್ಡವರು ಬಟ್ಟೆ ತೂರಿಸುತ್ತಿದ್ದರೆ ಇವಳು ನೆಲಕ್ಕೆ ಕೆನ್ನೆಯಿಟ್ಟು ಆ ಕಡೆಯಿಂದ ಬೆಳಕು ಬರುತ್ತಿರುವುದನ್ನೇ ನೋಡಿಬಿಟ್ಟಳು. ನಾಟ್ಯಮಂಟಪದ ಚಾವಣಿಯ ಚಿತ್ರಗಳನ್ನು ನಾವು ಕುತ್ತಿಗೆ ನೋಯಿಸಿಕೊಂಡು ನೋಡುತ್ತೇವೆ, ಅವಳು ತಣ್ಣನೆಯ ಕಲ್ಲಿನ ಮೇಲೆ ಅಂಗಾತ ಮಲಗಿ ನೋಡಿದಳು. ವಿಜಯನಗರದ ಚಿತ್ರಕಾರರು ಬರೆಯುವಾಗ ಬಹುಶಃ ಹೀಗೇ ಮಲಗಿದ್ದರು. ಹೊರಗೆ ಬಂಡೆಯ ನೆಲದಲ್ಲಿ ಊಟದ ತಟ್ಟೆಗಳನ್ನು ಕೆತ್ತಿದ್ದಾರೆ, ನಡುವೆ ಅನ್ನಕ್ಕೆ ಜಾಗ, ಸುತ್ತ ಪಲ್ಯಗಳಿಗೆ ಕುಳಿ. ಗುಡಿ ಕಟ್ಟಿದ ಕೆಲಸಗಾರರು ಉಂಡ ತಟ್ಟೆಗಳೆಂದು ಹೇಳುತ್ತಾರೆ. ಮಗಳು ಒಂದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು "ಮಮ್ಮು" ಎಂದಳು. ಅತ್ತೆ ಸೆರಗಿನ ಗಂಟು ಬಿಚ್ಚಿ ಎರಡು ಚೂರು ಬೆಲ್ಲ ಹಾಕಿದರು. ಲೇಪಾಕ್ಷಿಯ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಆ ತಟ್ಟೆಗಳನ್ನು ಹೀಗೆ ಬಳಸಬಹುದೆಂದು ಇರಲಿಲ್ಲ.

ಮರುದಿನ ನಸುಕಿಗೆ ಹುಳುಗಳು ಜ್ವರ ಎದ್ದವು. ಗೆಳತಿ ತಲೆಗೆ ಟವೆಲು ಸುತ್ತಿಕೊಂಡು ಸೊಪ್ಪು ಕಡಿಯಲು ಹೊರಟಳು. ಹೇಳಿದ ಮಾತು ತಪ್ಪಲಿಲ್ಲ: ನಮಗೆ ಬಾಗಿಲಲ್ಲೇ ಕಾಫಿ.

ಅಲ್ಲಿಂದ ಕಲ್ಯಾಣದುರ್ಗಕ್ಕೆ. ಅಲ್ಲಿ ಇನ್ನೊಬ್ಬ ಗೆಳತಿ, ಶಾಲೆಯ ಟೀಚರು. ಹಿಂದೂಪುರ, ಮಡಕಶಿರಾ, ಪಾವಗಡದ ಮೇಲೆ ಹೋಗುವ ಈ ದಾರಿಯ ತಮಾಷೆಯೆಂದರೆ ನಡುವೆ ಕರ್ನಾಟಕ ಬಂದು ಹೋಗುತ್ತದೆ. ಹೆಚ್ಚುಕಮ್ಮಿ ನಾಲ್ಕೂ ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು ಪಾವಗಡ. ಬೋರ್ಡಿನ ಲಿಪಿ ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ; ಹೊಲ, ಬಂಡೆ, ಅಂಗಡಿಯವನ ಮಾತು ಬದಲಾಗುವುದಿಲ್ಲ. ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕನ್ನು ಮಗಳಿಗೆ ತೋರಿಸಬೇಕೆಂದಿದ್ದೆವು. ಅವಳೋ, ಮಡಕಶಿರಾ ಬಿಟ್ಟ ಮೇಲೆ ಕಣ್ಣು ಮುಚ್ಚಿದವಳು ಕರ್ನಾಟಕವನ್ನು ಆ ಗಡಿಯಿಂದ ಈ ಗಡಿಯವರೆಗೆ ನಿದ್ದೆಯಲ್ಲೇ ದಾಟಿ, ಕಲ್ಯಾಣದುರ್ಗದಲ್ಲಿ ಗರಿಗರಿಯಾಗಿ ಎದ್ದಳು.

ಅಲ್ಲೇ ಎಡವಟ್ಟಾಯಿತು. ಮಧ್ಯಾಹ್ನದ ನಿದ್ದೆಯನ್ನೆಲ್ಲ ದಾರಿಯಲ್ಲೇ ಖರ್ಚು ಮಾಡಿ ಬಂದ ಮಗು ಹತ್ತನೇ ಕ್ಲಾಸಿನ ಹುಡುಗನಿರುವ ಮನೆಯೊಳಗೆ ನುಗ್ಗಿದರೆ ಏನಾಗಬೇಕೋ ಅದೇ ಆಯಿತು. ಜಾಮಿಟ್ರಿ ಬಾಕ್ಸು ಖಾಲಿ, ಅಕ್ಕಿ ಡಬ್ಬದಲ್ಲಿ ಕೈ, ಟೀವಿ ರಿಮೋಟು ಚೊಂಬಿನ ನೀರಿನಲ್ಲಿ. ನಾನೂ ಟೀಚರಮ್ಮನೂ ಆಡಿದ ಮಾತುಗಳೆಲ್ಲ ಅರ್ಧರ್ಧ. ಸಂಜೆ ಐದಕ್ಕೆ ಅವಳು ಚಪ್ಪಲಿ ಮೆಟ್ಟಿ, "ನಡಿಯೇ, ಎಲ್ಲರೂ ಕಾರು ಹತ್ತಿ. ಓಡಾಡ್ತಾ ಇದ್ರೆ ಮಲಗ್ತಾಳೆ, ಆಗ ಮಾತಾಡೋಣ," ಎಂದಳು. ರಾಯದುರ್ಗದ ರಸ್ತೆಗೆ ಕಾರು ಬಿಟ್ಟೆ. ನನ್ನ ಹದವೆಲ್ಲ ಸುರಿದು ನುಣ್ಣಗೆ ಓಡಿಸಿದೆ. ಹತ್ತು ನಿಮಿಷದಲ್ಲಿ ನಿದ್ದೆಯೂ ಬಂತು, ನನ್ನ ಗಂಡನಿಗೆ. ಮಗಳು ಅವರ ಮೂಗು ಹಿಡಿದು ಎಬ್ಬಿಸಲು ನೋಡುತ್ತಿದ್ದಳು.

"ಅಷ್ಟಾದರೂ ಸಾಕು, ಅವಳಿಗೊಂದು ಕೆಲಸ ಸಿಕ್ಕಿತಲ್ಲ," ಎಂದು ಗೆಳತಿ ನನ್ನ ಕಡೆ ತಿರುಗಿ ಕೂತು ಮಾತು ಶುರುಮಾಡಿದಳು.